ನನ್ನ ಕೊರಳೆಲುಬನ್ನು ನಕಲುಚೀಟಿ ಎಂದು ಹಿಡಿದವರಿಗೆ

ಕಮ್ಯುನಿಟಿ ಕಾಲೇಜಿನ ಪರೀಕ್ಷಾ ಕಾವಲು ತಂತ್ರಾಂಶದ ಮಹಾಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ತಮ್ಮ ರೆಪ್ಪೆಯಿಲ್ಲದ ಕಣ್ಣಿಗೂ, ದಣಿವರಿಯದ ಕಿವಿಗೂ, ಇದೆಯೋ ಇಲ್ಲವೋ ಖಚಿತವಿಲ್ಲದ ಹೃದಯಕ್ಕೂ ನನ್ನ ವಿನಯಪೂರ್ವಕ ನಮಸ್ಕಾರಗಳು ಸಲ್ಲಲಿ. ಕಾಲೇಜಿನವರು ತಮಗಿಟ್ಟಿರುವ ಹೆಸರು ಉದ್ದವಾದದ್ದು, ಉಸಿರು ಹಿಡಿದು ಹೇಳಬೇಕಾದದ್ದು. ನಾವು ವಿದ್ಯಾರ್ಥಿಗಳು ತಮ್ಮ ಬೆನ್ನ ಹಿಂದೆ 'ಶೆರಿಫ್' ಅನ್ನುತ್ತೇವೆ. ತಮಗೆ ಬೆನ್ನಿಲ್ಲವಾದ್ದರಿಂದ ಇದನ್ನು ಮುಖದೆದುರೇ ಅಂದಂತೆ ಭಾವಿಸಬೇಕೆಂದು ಬರೆಯಹೊರಟೆ, ಮುಖವೂ ಇಲ್ಲವೆಂದು ಆಮೇಲೆ ನೆನಪಾಯಿತು. ಕ್ಷಮೆಯಿರಲಿ. ಅಂಗರಚನೆ ಓದಿದವಳಿಗೆ ಎಲ್ಲರಿಗೂ ಅಂಗಗಳಿವೆಯೆಂದು ಅಂದುಕೊಳ್ಳುವ ಕೆಟ್ಟ ಚಾಳಿ.

ನನ್ನ ಹೆಸರು ಆರ್ಡಿತ್ ವೊಂಡ್ರಾ. ವಯಸ್ಸು ಐವತ್ತಮೂರು. ಪ್ಲಾಟ್ ನದಿಯ ಈಚೆ ದಂಡೆಯ ದನದ ಮಾಂಸದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಚಾಕು ಹಿಡಿದವಳು. ತಮ್ಮ ಕಡತದಲ್ಲಿ ನಾನು ಒಂಬತ್ತು ಅಂಕಿಯ ಒಂದು ಸಂಖ್ಯೆ ಎಂದು ಬಲ್ಲೆ, ಆದರೂ ಏಪ್ರಿಲ್ ತಿಂಗಳ ಮೂರನೆಯ ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯವರೆಗೆ ತಾವು ನನ್ನನ್ನು ನೋಡಿದಷ್ಟು ಏಕಾಗ್ರತೆಯಿಂದ ನನ್ನ ಗಂಡ ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಒಮ್ಮೆಯೂ ನೋಡಿದ್ದಿಲ್ಲವಾದ್ದರಿಂದ, ಇಷ್ಟು ಪರಿಚಯ ಹೇಳಿಕೊಳ್ಳುವ ಸಲಿಗೆ ನನಗಿದೆಯೆಂದು ನಂಬಿದ್ದೇನೆ.

ಅಂದು ನಡೆದದ್ದು ಮಾನವ ಅಂಗರಚನೆ ಮತ್ತು ಅಂಗಕ್ರಿಯೆ ವಿಷಯದ ಕೊನೆಯ ಪರೀಕ್ಷೆ. ಮೊದಲೆಲ್ಲ ಇದನ್ನು ಕಾಲೇಜಿನಲ್ಲೇ, ಒಂದು ಕೊಠಡಿಯಲ್ಲಿ, ತೂಕಡಿಸುವ ಒಬ್ಬ ಮನುಷ್ಯನ ಎದುರು ಬರೆಯುತ್ತಿದ್ದರಂತೆ. ಆ ಕೊಠಡಿಯನ್ನು ಈಗ ತೆರವು ಮಾಡಿ, ಮೆತ್ತನೆಯ ಕುರ್ಚಿ ಹಾಕಿ, 'ವಿದ್ಯಾರ್ಥಿ ಯಶಸ್ಸಿನ ಕೇಂದ್ರ' ಎಂದು ಬೋರ್ಡು ತಗುಲಿಸಿದ್ದಾರೆ. ಪರೀಕ್ಷೆ ಮಾತ್ರ ಮನೆಯಲ್ಲಿ, ತಮ್ಮ ಕಣ್ಗಾವಲಿನಲ್ಲಿ. ಹೀಗೆ ತಾವು ನನ್ನ ಅಡುಗೆಮನೆಗೆ ಬಿಜಯಂಗೈದಿರಿ. ತಮ್ಮ ಅಪ್ಪಣೆಯಂತೆ ನಾನು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನಾಲ್ಕೂ ಗೋಡೆ, ಚಾವಣಿ, ಮೇಜಿನ ಅಡಿಭಾಗ ತೋರಿಸಿದೆ. ಗೋಡೆಯ ಮೇಲಿದ್ದ ಸ್ನಾಯುಗಳ ಚಿತ್ರಪಟ ಇಳಿಸಿದೆ. ಧಾನ್ಯದ ಗೋದಾಮಿನವರು ಕೊಟ್ಟ ಕ್ಯಾಲೆಂಡರನ್ನೂ ಇಳಿಸಿರೆಂದಿರಿ, ಇಳಿಸಿದೆ. ಕೂದಲು ಹಿಂದಕ್ಕೆ ಸರಿಸಿ ಎರಡು ಕಿವಿಗಳನ್ನೂ ತೋರಿಸಿದೆ. ಇಷ್ಟೆಲ್ಲ ತೆಗೆಸಿದ ತಾವು, ಪರೀಕ್ಷಾರ್ಥಿಯು ತನ್ನ ಮೈಯನ್ನೂ ಪಕ್ಕದ ಕೋಣೆಯಲ್ಲಿ ಬಿಟ್ಟು ಬರತಕ್ಕದ್ದು ಎಂಬ ಒಂದೇ ಒಂದು ಸೂಚನೆಯನ್ನು ಸೇರಿಸಿದ್ದರೆ ನಮ್ಮಿಬ್ಬರ ನಡುವೆ ಈ ಪತ್ರವ್ಯವಹಾರವೇ ಬೇಕಾಗುತ್ತಿರಲಿಲ್ಲ.

ನಮ್ಮ ತರಗತಿಯ ಪದ್ಧತಿಯನ್ನು ತಮಗೆ ಯಾರೂ ಹೇಳಿಲ್ಲವೆಂದು ತೋರುತ್ತದೆ. ಈ ವಿಷಯವನ್ನು ಯಾರೂ ತಲೆಯಲ್ಲಿ ಓದುವುದಿಲ್ಲ, ಮೈಯಲ್ಲಿ ಓದುತ್ತಾರೆ. ಪ್ರಯೋಗಶಾಲೆಯ ಪರೀಕ್ಷೆಯ ದಿನ ನಲವತ್ತು ಮೇಜುಗಳ ಮೇಲೆ ನಲವತ್ತು ಎಲುಬು, ಸ್ನಾಯು, ಕರುಳು ಇಟ್ಟಿರುತ್ತಾರೆ. ಒಂದೊಂದಕ್ಕೆ ಒಂದು ನಿಮಿಷ. ಗಂಟೆ ಬಾರಿಸಿದೊಡನೆ ಎಲ್ಲರೂ ಮುಂದಿನ ಮೇಜಿಗೆ ಸರಿಯಬೇಕು. ಆಗ ಬಾಗಿಲಲ್ಲಿ ನಿಂತು ನೋಡಿದರೆ, ಇಪ್ಪತ್ತೆರಡು ಮಂದಿ ಕಾರಿನ ಬೀಗದಕೈ ಕಳೆದುಕೊಂಡವರಂತೆ ಸೊಂಟ, ಪಕ್ಕೆ, ಮೊಣಕಾಲು, ಕುತ್ತಿಗೆ ತಡವಿಕೊಳ್ಳುತ್ತಿರುತ್ತಾರೆ. ನಮ್ಮ ಮೇಷ್ಟ್ರು ಟೊಲೆಫ್ಸನ್ ಹೇಳಿಕೊಟ್ಟದ್ದೇ ಹಾಗೆ. ವಾರಕ್ಕೆ ಮೂರು ಊರಿನ ಮೂರು ಕಾಲೇಜುಗಳಲ್ಲಿ ಪಾಠ ಮಾಡಿ, ಮಧ್ಯಾಹ್ನದ ಊಟವನ್ನು ಕಾರು ಓಡಿಸುತ್ತಲೇ ಮುಗಿಸುವ ಆ ತೆಳ್ಳಗಿನ ಮನುಷ್ಯ ಮೊದಲ ದಿನವೇ ಅಂದಿದ್ದರು:

"ಮರೆತೋಯ್ತು ಅಂದ್ರೆ ಪುಸ್ತಕದ ಪುಟ ನೆನೆಸ್ಕೊಂಡು ಒದ್ದಾಡ್ಬೇಡಿ. ಮುಟ್ಕೊಂಡು ನೋಡಿ. ಉತ್ತರನ ಹುಟ್ಟೋವಾಗ್ಲೇ ಮೈಗೆ ಹೊಲಿದು ಕಳ್ಸಿದಾರೆ, ಇನ್ನೇನು ಬೇಕು ನಿಮಗೆ?"

ನನಗೆ ಬೇರೇನೂ ಬೇಕಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಅರ್ಧ ವಿದ್ಯೆ ನನ್ನಲ್ಲಿ ಮೊದಲೇ ಇತ್ತು. ಸೊಂಟದೊಳಗೆ ಬೆನ್ನೆಲುಬಿಗೆ ಒರಗಿ ಮಲಗಿರುವ ಉದ್ದನೆಯ ಮೆದುಸ್ನಾಯುವನ್ನು ಮೇಷ್ಟ್ರು ಪ್ಲಾಸ್ಟಿಕ್ ಬೊಂಬೆಯಲ್ಲಿ ತೋರಿಸಿದಾಗ ಉಳಿದವರು ಲ್ಯಾಟಿನ್ ಹೆಸರು ಬರೆದುಕೊಳ್ಳುತ್ತಿದ್ದರು, ನಾನು ಅದನ್ನು ಎಷ್ಟು ಕೊಯ್ತದಲ್ಲಿ ಬಿಡಿಸಬಹುದೆಂದು ಎಣಿಸುತ್ತಿದ್ದೆ. ಇನ್ನು ಭುಜದ ಕೀಲನ್ನು ಅಪ್ಪಿಕೊಂಡಿರುವ ನಾಲ್ಕು ಸ್ನಾಯುಗಳಲ್ಲಿ ಎರಡನ್ನು ನಾನು ಬಲಭುಜದಲ್ಲಿ ಹರಿದುಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅವುಗಳ ಹೆಸರನ್ನು ಆಸ್ಪತ್ರೆಯ ಬಿಲ್ಲಿನಲ್ಲೇ ಕಲಿತವಳು. ಹೊಲಿದ ವೈದ್ಯರು ಹೇಳಿದ್ದು ಇಷ್ಟೇ: "ಇನ್ನೆರಡು ವರ್ಷ ಆ ಚಾಕು ಹಿಡೀರಿ, ಆಮೇಲೆ ಎಡಗೈಲಿ ತಲೆ ಬಾಚ್ಕೊಳೋದು ರೂಢಿ ಮಾಡ್ಕೊಳಿ." ಅದು ಒಂದು ವರ್ಷ ಎರಡು ತಿಂಗಳ ಹಿಂದಿನ ಮಾತು.

ತಾವು ಲೆಕ್ಕ ಬಲ್ಲವರು, ಆದ್ದರಿಂದ ಲೆಕ್ಕದಲ್ಲೇ ಅರಿಕೆ ಮಾಡುತ್ತೇನೆ. ಕಾಲೇಜಿನ ಸಂಜೆಯ ನರ್ಸಿಂಗ್ ತರಗತಿಗೆ ಇಪ್ಪತ್ನಾಲ್ಕು ಜಾಗ. ಅರ್ಜಿ ಹಾಕಿದವರು ನೂರ ಅರವತ್ತೊಂದು. ಪಟ್ಟಿಯಲ್ಲಿ ನಾನು ಹತ್ತೊಂಬತ್ತನೆಯವಳು. ಷರತ್ತು ಒಂದೇ, ಅಂಗರಚನೆಯಲ್ಲಿ 'ಬಿ' ದರ್ಜೆಗೆ, ಅಂದರೆ ನೂರಕ್ಕೆ ಎಂಬತ್ತಕ್ಕೆ, ಕಡಿಮೆಯಾಗಬಾರದು. ಕೊನೆಯ ಪರೀಕ್ಷೆಗೆ ಮುಂಚೆ ನನ್ನ ಸರಾಸರಿ ತೊಂಬತ್ಮೂರು. ಕೊನೆಯ ಪರೀಕ್ಷೆಗೆ ನೂರಕ್ಕೆ ಮೂವತ್ತರ ತೂಕ. ತಾವು ನನ್ನ ಉತ್ತರಪತ್ರಿಕೆಗೆ ಕೆಂಪು ಬಾವುಟ ಹಾರಿಸಿದ ಮೇಲೆ ಅದಕ್ಕೆ ಸೊನ್ನೆ ಬಿತ್ತು, ತೊಂಬತ್ಮೂರು ಅರವತ್ತೈದಾಯಿತು. ಎಂಟು ತಿಂಗಳು ಬೆಳಗಿನ ಪಾಳಿ ಮುಗಿಸಿ, ಕೈಯ ನೆಣ ತೊಳೆದು, ಇನ್ನೂರ ಆರು ಎಲುಬು ಬಾಯಿಪಾಠ ಮಾಡಿದ್ದನ್ನು ತಾವು ತೊಂಬತ್ತು ನಿಮಿಷದಲ್ಲಿ ಕೆಳಗಿಳಿಸಿದಿರಿ. ಕಾರ್ಖಾನೆಯಲ್ಲಿ ಇಷ್ಟು ವೇಗದ ಕೈಯಿದ್ದವರಿಗೆ ಹಬ್ಬಕ್ಕೆ ಒಂದು ಟರ್ಕಿ ಕೋಳಿ ಕೊಡುತ್ತಾರೆ.

ತಮ್ಮ ವರದಿಯನ್ನು ಕಾಲೇಜಿನವರು ನನಗೂ ಒಂದು ಪ್ರತಿ ಕಳುಹಿಸಿದರು. ಹನ್ನೊಂದು ಪುಟ. ನಾನು ಅದನ್ನು ಎರಡು ಬಾರಿ ಓದಿ, ಜೊತೆಗೆ ಬಂದ ಪರೀಕ್ಷೆಯ ವಿಡಿಯೊದೊಂದಿಗೆ ತಾಳೆ ನೋಡಿದೆ. ಒಂದು ಸೆಕೆಂಡೂ ತಪ್ಪಿಲ್ಲ. ದೃಷ್ಟಿ ಪರದೆಯಿಂದ ಸರಿದದ್ದು ನಲವತ್ತೊಂದು ಸಲ, ಸರಿ. ಕೈ ಮೈಗೆ ಹೋದದ್ದು ಇಪ್ಪತ್ತೇಳು ಸಲ, ಅದೂ ಸರಿ. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ "ಪರೀಕ್ಷಾರ್ಥಿಯು ಕೊರಳಿನ ಬುಡದಲ್ಲಿ ಅಡಗಿಸಿಟ್ಟ ವಸ್ತುವನ್ನು ಬೆರಳಿನಿಂದ ಓದಿದ್ದಾರೆ" ಎಂದು ಬರೆದಿದ್ದೀರಿ. ಅದು ನನ್ನ ಕೊರಳೆಲುಬು. ಅಡಗಿಸಿಟ್ಟದ್ದು ನಿಜ, ಚರ್ಮದ ಕೆಳಗೆ. ಆದರೆ ಇಟ್ಟದ್ದು ನಾನಲ್ಲ. ಒಂಬತ್ತೂ ಮೂವತ್ತಕ್ಕೆ "ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು ಗುಪ್ತ ಸಂಕೇತ ಸ್ವೀಕರಿಸಿದ್ದಾರೆ". ನಾಡಿ ಎಲ್ಲೆಲ್ಲಿ ಸಿಗುತ್ತದೆ ಎಂಬುದೇ ಆಗ ಪರದೆಯ ಮೇಲಿದ್ದ ಪ್ರಶ್ನೆ. ಸಂಕೇತ ಬರುತ್ತಿದ್ದದ್ದೂ ಹೌದು, ನಿಮಿಷಕ್ಕೆ ನೂರ ಹದಿನೆಂಟು.

ಆದರೆ ತಮ್ಮ ಪ್ರತಿಭೆ ನಿಜಕ್ಕೂ ಪ್ರಕಾಶಿಸಿದ್ದು ಅರವತ್ತನಾಲ್ಕನೆಯ ಪ್ರಶ್ನೆಯಲ್ಲಿ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ನರಗಳನ್ನು ಕ್ರಮವಾಗಿ ಬರೆಯಿರಿ ಎಂದಿತ್ತು. ಇದನ್ನು ನಾವು ತರಗತಿಯಲ್ಲಿ ಕವಾಯತಿನಂತೆ ಕಲಿತವರು: ಮೂಸಬೇಕು, ನೋಡಬೇಕು, ಕಣ್ಣುಗುಡ್ಡೆ ಮೇಲೆ ಕೆಳಗೆ ಪಕ್ಕಕ್ಕೆ ಹೊರಳಿಸಬೇಕು, ದವಡೆ ಕಚ್ಚಬೇಕು, ಹಲ್ಲು ಕಿರಿಯಬೇಕು, ಕಿವಿಗೊಡಬೇಕು, ಉಗುಳು ನುಂಗಬೇಕು, ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಬಿಡಬೇಕು, ಹೆಗಲು ಕುಣಿಸಬೇಕು, ಕೊನೆಗೆ ನಾಲಿಗೆ ಹೊರಚಾಚಬೇಕು. ಹನ್ನೆರಡು ನರ ಹೀಗೆ ಎಚ್ಚರವಾಗುತ್ತವೆ, ಹೆಸರುಗಳು ಹಿಂದೆಯೇ ಬರುತ್ತವೆ. ನಾನು ಅಷ್ಟನ್ನೂ ಮಾಡಿದೆ. ತಮ್ಮ ವರದಿಯ ಆರನೆಯ ಪುಟದ ವಾಕ್ಯವನ್ನು ನಾನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ: "ಪರೀಕ್ಷಾರ್ಥಿಯ ಮುಖಭಾವ ಗುರುತಿನ ಚೀಟಿಯೊಂದಿಗೆ ಹೊಂದುತ್ತಿಲ್ಲ, ಬೇರೆ ವ್ಯಕ್ತಿ ಕುಳಿತಿರುವ ಶಂಕೆ, ಸದರಿ ವ್ಯಕ್ತಿಯು ಕಾಣದ ಸಹಚರನಿಗೆ ನಾಲಿಗೆಯಿಂದ ಸನ್ನೆ ಮಾಡಿದ್ದಾರೆ."

ಹೀಗೆ ತಾವು ನನ್ನಲ್ಲಿ ಇಬ್ಬರನ್ನೂ, ಹೊರಗೆ ಮತ್ತೊಬ್ಬನನ್ನೂ ಕಂಡಿರಿ. ಒಂದೇ ಜಾಗಕ್ಕೆ ಅರ್ಜಿ ಹಾಕಿದ್ದ ನನ್ನಂಥವಳಿಗೆ ಇದು ದೊಡ್ಡ ಗೌರವ. ಒಂದು ಸಂಗತಿಯನ್ನು ಮಾತ್ರ ತಮ್ಮ ಅವಗಾಹನೆಗೆ ತರುತ್ತೇನೆ: ನೂರು ಪ್ರಶ್ನೆಗಳಲ್ಲಿ ನನಗೆ ಆರು ತಪ್ಪಾಗಿದ್ದವು, ಅದರಲ್ಲಿ ಎರಡು, ಸರಿಯಾದ ಎಲುಬನ್ನೇ ಮುಟ್ಟಿಕೊಂಡು ತಪ್ಪು ಹೆಸರು ಬರೆದವು. ಚೀಟಿ ನೋಡಿಯೂ ತಪ್ಪು ಬರೆದ ಕಳ್ಳಿಯನ್ನು ಹಿಡಿದ ಕೀರ್ತಿಯೂ ತಮ್ಮದೇ.

ವಿಚಾರಣೆಗೆ ಕಾಲೇಜಿನವರು ಕರೆದಾಗ ತಾವೂ ಬರುವಿರೆಂದು ಅಂದುಕೊಂಡಿದ್ದೆ. ತಾವು ಬರಲಿಲ್ಲ. ಎತ್ತರದವರು ಬರುವುದಿಲ್ಲ, ಕಾಗದ ಕಳುಹಿಸುತ್ತಾರೆ. ಮೇಜಿನ ಆಚೆ ಮೂವರು: ಡೀನ್ ಹೇವರ್‌ಕ್ಯಾಂಪ್ ಮೇಡಂ, ಲೆಕ್ಕಪತ್ರ ವಿಷಯದ ಒಬ್ಬ ಅಧ್ಯಾಪಕ, ಕಂಪ್ಯೂಟರ್ ವಿಭಾಗದ ಒಬ್ಬ ಯುವಕ. ಮೇಷ್ಟ್ರು ಟೊಲೆಫ್ಸನ್ ಒಂದು ಊರಿನ ಪಾಠ ತಪ್ಪಿಸಿ ಬಂದು, "ಮುಟ್ಟಿ ನೋಡ್ಕೊಳೋದನ್ನ ನಾನೇ ಹೇಳ್ಕೊಟ್ಟಿದ್ದು, ತಪ್ಪಿದ್ರೆ ನಂದು" ಅಂದರು.

"ಹಾಗಾದ್ರೆ ನಿಮ್ಮ ಹೆಸರಲ್ಲೂ ಒಂದು ಫೈಲು ತೆರೀಬೇಕಾಗತ್ತಲ್ರೀ," ಅಂದರು ಮೇಡಂ, ಬಹಳ ಮೃದುವಾಗಿ. ಮೇಷ್ಟ್ರ ನೌಕರಿ ಆರಾರು ತಿಂಗಳಿಗೊಮ್ಮೆ ನವೀಕರಣವಾಗುವಂಥದ್ದು. ಅವರು ನೀರಿನ ಲೋಟ ಎತ್ತಿಕೊಂಡರು. ನಾನು ಅವರನ್ನು ದೂರುವುದಿಲ್ಲ. ನುಂಗುವುದಕ್ಕೂ ಒಂದು ನರವಿದೆ.

ಆಗ ನಾನು ಮೂವರನ್ನೂ ಒಂದು ಪ್ರಶ್ನೆ ಕೇಳುತ್ತೇನೆಂದು ಅಪ್ಪಣೆ ಬೇಡಿದೆ. "ಗಂಟಲಲ್ಲಿ ಒಂದು ಸಣ್ಣ ಮೂಳೆ ಇದೆ. ಲಾಳದಾಕಾರದ್ದು. ಮೈಯಲ್ಲಿರೋ ಬೇರೆ ಯಾವ ಮೂಳೆಗೂ ಅದು ಕೂಡ್ಕೊಂಡಿಲ್ಲ, ಸುಮ್ನೆ ತೂಗ್ತಿರತ್ತೆ. ಎಲ್ಲಿದೆ, ಸ್ವಲ್ಪ ಯೋಚ್ನೆ ಮಾಡಿ ಹೇಳ್ತೀರಾ?"

ಮಾನ್ಯರೇ, ತಾವು ಅಲ್ಲಿರಬೇಕಿತ್ತು. ಮೂರು ಕೈಗಳು ಮೂರು ಕೊರಳಿಗೆ ಹೋದವು. ಮೂವರ ಕಣ್ಣೂ ಚಾವಣಿಗೆ ಹೋಯಿತು. ಕಂಪ್ಯೂಟರ್ ಹುಡುಗನಂತೂ ಉಗುಳು ನುಂಗಿ ಬೆರಳಿನಡಿ ಅದು ಏರುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿದ.

"ಹತ್ತು ಗಂಟೆ ಹದಿನಾಲ್ಕು ನಿಮಿಷ," ಅಂದೆ. "ಮೂರು ಉಲ್ಲಂಘನೆ. ಒಬ್ರು ನುಂಗಿದ್ದಕ್ಕೆ ಬೇರೆ ಬರ್ಕೊಳ್ಳಿ."

ಲೆಕ್ಕಪತ್ರದವರು ಮೂಗಿನಲ್ಲಿ ನಕ್ಕರು. ಮೇಡಂ ಬಿಸಿ ಬಾಣಲೆ ಮುಟ್ಟಿದವರಂತೆ ಕೈ ಕೆಳಗಿಟ್ಟರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಇಲ್ಲೇ, ಈಗಲೇ, ನೂರಲ್ಲ ಇನ್ನೂರು ಪ್ರಶ್ನೆ ಕೇಳಿ ಎಂದು ನಾನು ಬೇಡಿಕೊಂಡೆ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲವಂತೆ. ಅವಕಾಶವಿದ್ದದ್ದು ಒಂದು ಕಾಗದಕ್ಕೆ. ಅದನ್ನು ಮೇಡಂ ಮೇಜಿನ ಮೇಲೆ ನನ್ನತ್ತ ಜಾರಿಸಿದರು: 'ಪರೀಕ್ಷೆಯ ವೇಳೆ ಅನುಮತಿಯಿಲ್ಲದ ಆಕರವನ್ನು ದುರುದ್ದೇಶವಿಲ್ಲದೆ ಬಳಸಿದೆನೆಂದು ಒಪ್ಪಿಕೊಳ್ಳುತ್ತೇನೆ.' ಕೆಳಗೆ ಸಹಿಯ ಗೆರೆ. ಸಹಿ ಹಾಕಿದರೆ ನನ್ನ ತೊಂಬತ್ನಾಲ್ಕು ಅಂಕ ನನಗೆ, ಹತ್ತೊಂಬತ್ತನೆಯ ಜಾಗವೂ ನನಗೆ. ಹಾಕದಿದ್ದರೆ ಸೊನ್ನೆಯೇ ಖಾಯಂ, ವಿಷಯವನ್ನು ಮೊದಲಿನಿಂದ ಓದಬೇಕು.

"ಆಕರ ಅಂತಿದೆಯಲ್ಲ, ಯಾವುದು ಅಂತ ಬರ್ದಿಲ್ವಲ್ಲ ಮೇಡಂ?"

"ಅದನ್ನ ಖಾಲಿ ಬಿಟ್ಟಿದೀವಿ, ಆರ್ಡಿತ್. ಬೇಕಿದ್ರೆ ನೀವೇ ತುಂಬ್ಕೋಬೋದು."

ಶುಕ್ರವಾರ ಸಂಜೆ ಐದರವರೆಗೆ ಗಡುವು ಕೊಟ್ಟರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹೊರಗೆ ಬಂದಾಗ, ಕಾರು ನಿಲ್ಲಿಸುವ ಬಯಲಿನಲ್ಲಿ ನನ್ನ ಪ್ರಯೋಗಶಾಲೆಯ ಜೊತೆಗಾತಿ ಉಬಾ ಕಾಯುತ್ತಿದ್ದಳು. ನಮ್ಮ ಕಾರ್ಖಾನೆಯಲ್ಲೇ ಎರಡನೆಯ ಪಾಳಿಯಲ್ಲಿ ಡಬ್ಬಿ ಕಟ್ಟುವ, ಎರಡು ಮಕ್ಕಳ ತಾಯಿ. ಸೊಮಾಲಿಯದಿಂದ ಬಂದು ಹತ್ತು ವರ್ಷವಾಗಿದೆ. ನಮ್ಮ ತರಗತಿಯ ಏಕೈಕ ಅಸ್ಥಿಪಂಜರದ ಎಡಪಾದವನ್ನು ನಾವಿಬ್ಬರೂ ಸೇರಿ ಕಲಿತವರು. ಅವಳೂ ಪಟ್ಟಿಯಲ್ಲಿದ್ದಳು, ಎಂಟನೆಯ ಜಾಗ.

"ಸಹಿ ಹಾಕ್ಬಿಡಿ ಅಕ್ಕ," ಅಂದಳು. "ಹೆಸರು ತಾನೇ, ಮೂಳೆ ಅಲ್ವಲ್ಲ ಮುರಿಯೋಕೆ."

"ನಿಂಗೇನು, ಸುಲಭವಾಗಿ ಹೇಳ್ತೀಯ."

"ಸುಲಭ ಅಲ್ಲ. ನಾನೂ ಹಾಕಿದೀನಿ." ಕೆಳಗೆ ನೋಡಿಕೊಂಡೇ ಹೇಳಿದಳು. "ಮಾರ್ಚ್‌ನಲ್ಲಿ. ಪಕ್ಕದ ರೂಮಲ್ಲಿ ಮಗು ಅತ್ತಿತ್ತು. ಅದು ನಂಗೆ ಉತ್ತರ ಹೇಳ್ಕೊಡ್ತಿತ್ತಂತೆ. ಒಂಬತ್ತು ತಿಂಗಳ ಮಗು."

"ಯಾವ ಪ್ರಶ್ನೆಗೆ?"

"ಮೂತ್ರಪಿಂಡ," ಅಂದಳು. ಇಬ್ಬರೂ ಕಾರಿಗೆ ಒರಗಿ ನಕ್ಕೆವು, ಆಮೇಲೆ ನಗು ನಿಂತಿತು. "ನಂಗೆ ಕಾಯೋಕಾಗಲ್ಲ ಅಕ್ಕ. ನಿಮ್ಮ ಭುಜಕ್ಕೂ ಆಗಲ್ಲ."

ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅವಳು ಸಹಿ ಹಾಕಿದ್ದರಲ್ಲೂ ತಪ್ಪು ಸಿಗಲಿಲ್ಲ. ಇಬ್ಬರು ಮಕ್ಕಳಿರುವವಳು ತನ್ನ ಹೆಸರಿಗಿಂತ ಮೊದಲು ಲೆಕ್ಕ ಹಾಕಬೇಕಾದವು ಬೇರೆ ಇರುತ್ತವೆ. ನಾನು ಮನೆಗೆ ಹೋಗಿ ರಾಜ್ಯದ ನರ್ಸುಗಳ ಮಂಡಳಿಯ ಪರವಾನಗಿ ಅರ್ಜಿಯನ್ನು ತೆಗೆದು ಓದಿದೆ. ನಾನು ಕಾಗದ ಓದದೆ ಸಹಿ ಹಾಕಿದವಳಲ್ಲ, ಹಾಗಾಗಿಯೇ ಕಾರ್ಖಾನೆಯವರು ಭುಜಕ್ಕೆ ಕೊಡಬೇಕಾದ ಪರಿಹಾರವನ್ನು ಪೂರ್ತಿ ಕೊಟ್ಟರು. ಅರ್ಜಿಯ ನಾಲ್ಕನೆಯ ಪುಟದಲ್ಲಿತ್ತು: ಓದಿನಲ್ಲಿ ಅಪ್ರಾಮಾಣಿಕತೆಯನ್ನು ಎಂದಾದರೂ ಒಪ್ಪಿಕೊಂಡಿದ್ದೀರಾ? ಹೌದು ಎಂದರೆ ವಿವರಿಸಿ. ವಿವರಿಸಲು ಮೂರು ಗೆರೆ ಜಾಗ. ಅದರಲ್ಲಿ ಏನು ಬರೆಯಲಿ? ನನಗೆ ಮೈಯಿತ್ತು ಎಂದೇ?

ಯಾರದೋ ತಾಯಿಯ ಕೈಹಿಡಿದು ನಾಡಿ ನೋಡಬೇಕಾದವಳು, ಕೈಯಿಂದ ಮುಟ್ಟಿ ತಿಳಿಯುವುದು ವಂಚನೆ ಎಂದು ಮೊದಲು ಸಹಿ ಹಾಕಿ, ಆಮೇಲೆ ವಾರ್ಡಿನೊಳಕ್ಕೆ ಕಾಲಿಡುವುದು ನನ್ನಿಂದ ಆಗಲಿಲ್ಲ. ಶುಕ್ರವಾರ ನಾಲ್ಕೂವರೆಗೆ ಆ ಕಾಗದವನ್ನು ಹೇವರ್‌ಕ್ಯಾಂಪ್ ಮೇಡಂ ಅವರ ಮೇಜಿನ ಮೇಲೆ, ಮಡಿಕೆ ಬಿಡಿಸಿ, ಖಾಲಿಯಾಗಿಯೇ ಇಟ್ಟು ಬಂದೆ. ಸೋಮವಾರ ಹತ್ತೊಂಬತ್ತನೆಯ ಜಾಗ ಇಪ್ಪತ್ತೈದನೆಯವರಿಗೆ ಹೋಯಿತು. ನಾನು ಬೆಳಗಿನ ಪಾಳಿಗೆ ಹೋದೆ.

ಇನ್ನು ನನ್ನ ವಿನಂತಿಗಳು. ಬೇಡುವಾಗ ಕೈ ಮುಗಿಯುವುದು ರೂಢಿ, ಆದರೆ ಕೈಯೆತ್ತಿದರೆ ತಾವು ಬರೆದುಕೊಳ್ಳುವಿರೆಂದು ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ತಾವು ದಯಮಾಡಿ ಒಂದು ವಾರದ ಮಟ್ಟಿಗಾದರೂ ಒಂದು ಮೈಯನ್ನು ಸಂಪಾದಿಸಿಕೊಳ್ಳಬೇಕು. ಹೊಸದೇ ಆಗಬೇಕೆಂದಿಲ್ಲ, ನನ್ನ ಬಲಭುಜವನ್ನು ಬೇಕಾದರೆ ಕಡ ಕೊಡುತ್ತೇನೆ, ಸೋಮವಾರ ಬೆಳಿಗ್ಗೆ ಆರಕ್ಕೆ ಅದನ್ನು ಹೊತ್ತು ಕಾರ್ಖಾನೆಯ ಸಾಲಿಗೆ ಬನ್ನಿ, ಗುರುವಾರದ ಹೊತ್ತಿಗೆ ಅದರ ನಾಲ್ಕೂ ಸ್ನಾಯುಗಳು ಹೆಸರು ಹೇಳಿಕೊಂಡು ತಮ್ಮನ್ನು ಮಾತಾಡಿಸುತ್ತವೆ. ಅದು ಸಾಧ್ಯವಿಲ್ಲವಾದರೆ, ಕಾಲೇಜಿನ ಬಾಗಿಲಲ್ಲಿ ಕೋಟು ತೂಗುಹಾಕುವ ಮೊಳೆಗಳ ಪಕ್ಕದಲ್ಲೇ ಇನ್ನೊಂದಷ್ಟು ಮೊಳೆ ಹೊಡೆಸಿ, ಪರೀಕ್ಷಾರ್ಥಿಗಳು ಹಿಂದಿನ ದಿನವೇ ಬಂದು ತಮ್ಮ ಕೈ, ಕುತ್ತಿಗೆ, ನಾಲಿಗೆಗಳನ್ನು ಬಿಚ್ಚಿ ಅಲ್ಲಿ ತೂಗುಹಾಕಿ ಚೀಟಿ ಪಡೆಯುವ ಏರ್ಪಾಡು ಮಾಡಿಸಬೇಕು. ಮತ್ತು ತಮ್ಮಂಥ ಪ್ರತಿಭೆಯನ್ನು ಬಡವರ ಕಾಲೇಜಿಗೆ ಮಾತ್ರ ಮೀಸಲಿಡುವುದು ನ್ಯಾಯವಲ್ಲ. ಹೃದಯ ಕೊಯ್ಯುವ ದೊಡ್ಡ ವೈದ್ಯರ ಮೇಲೂ ತಮ್ಮನ್ನು ಕೂರಿಸಬೇಕು. ಅವರು ಪರದೆ ಬಿಟ್ಟು ರೋಗಿಯ ಮುಖ ನೋಡಿದಾಗಲೆಲ್ಲ ತಾವು ಕೆಂಪು ಬಾವುಟ ಹಾರಿಸಿದರೆ, ಈಗಿನ ಪದ್ಧತಿ ನೋಡಿದರೆ, ತಮಗೆ ಅಲ್ಲಿ ಹೆಚ್ಚಿನ ಕೆಲಸವೇನೂ ಬೀಳಲಾರದು.

ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಂಡದ್ದಕ್ಕೆ ಕ್ಷಮೆ ಬೇಡುತ್ತಾ, ಈ ಪತ್ರ ಬರೆಯುವಾಗ ನಾನು ಅರವತ್ತಕ್ಕೂ ಹೆಚ್ಚು ಸಲ ಕಿಟಕಿಯ ಹೊರಗೆ ನೋಡಿದೆನೆಂದು ಸ್ವಯಂಪ್ರೇರಿತಳಾಗಿ ಒಪ್ಪಿಕೊಳ್ಳುತ್ತಾ,

ತಮ್ಮ ವಿಶ್ವಾಸಿ (ಗುರುತಿನ ಚೀಟಿಯೊಂದಿಗೆ ಮುಖ ಹೊಂದದಿದ್ದರೂ),
ಆರ್ಡಿತ್ ವೊಂಡ್ರಾ

ತಾ.ಕ.: ಅಂಗರಚನೆಗೆ ಮತ್ತೆ ಹೆಸರು ನೋಂದಾಯಿಸಿದ್ದೇನೆ, ಮೊದಲ ಎಲುಬಿನಿಂದ. ಮೊದಲ ಪರೀಕ್ಷೆ ಸೆಪ್ಟೆಂಬರಿನ ಎರಡನೆಯ ಶನಿವಾರ, ಅದೇ ಅಡುಗೆಮನೆ, ಅದೇ ಮೇಜು. ತಮ್ಮ ಶ್ರಮ ತಗ್ಗಿಸಲು ಮುಂಗಡ ತಿಳಿಸುತ್ತಿದ್ದೇನೆ: ಅಂದು ನಾನು ಹಣೆ, ದವಡೆ, ಕೊರಳೆಲುಬು, ಎರಡೂ ಭುಜ, ಎದೆಚಕ್ಕೆ, ಹನ್ನೆರಡು ಜೊತೆ ಪಕ್ಕೆಲುಬು, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲಿನ ಚಿಪ್ಪು ಮತ್ತು ಎಡಗಾಲಿನ ಹಿಮ್ಮಡಿಯನ್ನು ಈ ಕ್ರಮದಲ್ಲಿ, ನಿಧಾನವಾಗಿ, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವಂತೆ ಮುಟ್ಟಿಕೊಳ್ಳುತ್ತೇನೆ. ಬಾಲದ ಮೂಳೆಯನ್ನು ಮುಟ್ಟಿಕೊಳ್ಳುವ ಅಗತ್ಯ ಬೀಳದು, ಅದರ ಮೇಲೆಯೇ ಕೂತಿರುತ್ತೇನೆ. ತಮಗೆ ಅದು ಕಾಣುವುದಿಲ್ಲವಾದ್ದರಿಂದ ಈಗಲೇ ಬರೆದುಕೊಂಡುಬಿಡಿ.